ಉಸಿರಿಗೆ ಮೊದಲು ಮುಖ ನೋಡಿ

ನಿಮ್ಮ ಕೈಕೆಳಗೆ ಎಷ್ಟು ಜನ ಕೆಲಸ ಮಾಡುತ್ತಾರೆ? ಮೂವರೋ, ಮೂವತ್ತೋ, ಮುನ್ನೂರೋ? ನೀವು ಐಟಿ ಕಂಪನಿಯ ಟೀಮ್ ಲೀಡ್ ಇರಬಹುದು, ಗಾರ್ಮೆಂಟ್ಸ್‌ನಲ್ಲಿ ಒಂದು ಬ್ಯಾಚ್ ನೋಡಿಕೊಳ್ಳುವ ಸೂಪರ್‌ವೈಸರ್ ಇರಬಹುದು. ತಾಲ್ಲೂಕು ಕಚೇರಿಯ ಶಿರಸ್ತೇದಾರರೋ, ಹೈಸ್ಕೂಲಿನ ಹೆಡ್‌ಮೇಷ್ಟ್ರೋ, ಆಸ್ಪತ್ರೆಯಲ್ಲಿ ಡ್ಯೂಟಿ ಪಟ್ಟಿ ಹಾಕುವವರೋ, ನಾಲ್ಕು ಹುಡುಗರನ್ನಿಟ್ಟುಕೊಂಡು ದರ್ಶಿನಿ ನಡೆಸುವ ಮಾಲೀಕರೋ ಇರಬಹುದು. ಬೆಳಿಗ್ಗೆ ನೀವಾಡಿದ ಒಂದು ಮಾತಿಗೆ ಇನ್ನೊಬ್ಬರ ಇಡೀ ದಿನ ಕೆಡಿಸುವ ಶಕ್ತಿ ಇದ್ದರೆ ಈ ಬರಹ ನಿಮಗೆ. ಸಲಹೆ ಕೊಡೋಣ ಅಂತ ಬರೆಯುತ್ತಿಲ್ಲ. ನಿಮ್ಮಿಂದ ಬರಬೇಕಾದ ಬಾಕಿಯೊಂದಿದೆ, ಅದರ ತಗಾದೆಗೆ ಬಂದಿದ್ದೇನೆ.

ಬೆಂಗಳೂರಿನ ದೊಡ್ಡ ಆಫೀಸುಗಳಲ್ಲಿ ಈಗೀಗ ಶುಕ್ರವಾರ ಮಧ್ಯಾಹ್ನ ಮೈಂಡ್‌ಫುಲ್‌ನೆಸ್ ಸೆಷನ್ ಇರುತ್ತದೆ. ಹೇಳಿಕೊಡಲು ಬಂದವರು ಒಬ್ಬೊಬ್ಬರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಹಾಕುತ್ತಾರೆ. ತಿನ್ನಬೇಡಿ, ಮೊದಲು ನೋಡಿ ಎನ್ನುತ್ತಾರೆ. ಅದರ ಸುಕ್ಕು ನೋಡಿ, ತೊಟ್ಟು ಕಳಚಿದ ಜಾಗ ನೋಡಿ, ಕಿವಿಯ ಹತ್ತಿರ ಹಿಡಿದು ಹಿಸುಕಿ, ಮೂಸಿ, ನಾಲಗೆಯ ಮೇಲಿಟ್ಟುಕೊಂಡು ಸುಮ್ಮನಿರಿ, ಆಮೇಲೆ ಒಂದೇ ಸಲ ಅಗಿಯಿರಿ. ಒಂದು ದ್ರಾಕ್ಷಿಗೆ ಐದು ನಿಮಿಷ. ಅಭ್ಯಾಸವೇನೋ ಒಳ್ಳೆಯದೇ. ಆದರೆ ಹಾಗೆ ಕೂತವರಲ್ಲಿ ಎಷ್ಟೋ ಮಂದಿ ಅದೇ ಮಧ್ಯಾಹ್ನದ ಊಟವನ್ನು ಲ್ಯಾಪ್‌ಟಾಪಿನ ಮುಂದೆ ಡಬ್ಬಿ ಬಿಚ್ಚಿ, ಕಾಲ್ ಮ್ಯೂಟ್‌ನಲ್ಲಿಟ್ಟು, ಪಲ್ಯ ಯಾವುದೆಂದು ಕೂಡ ನೋಡದೆ ನುಂಗಿ ಬಂದವರು. ಒಂದೂವರೆಗೆ ಆ ಕಾಲ್ ಇಟ್ಟವರು ಯಾರು? ನೀವೇ. ಸೆಷನ್ ನಡೆಯುತ್ತಿರುವಾಗಲೇ ಅವರ ಫೋನ್ ಎರಡು ಸಲ ಮಿನುಗಿತಲ್ಲ, 'ಸಂಜೆಯೊಳಗೆ ಬೇಕು' ಎಂಬ ಆ ಸಂದೇಶ ಕಳಿಸಿದವರೂ ನೀವೇ. ಕಣ್ಣು ಮುಚ್ಚಿಕೊಂಡೇ ಕಳಿಸಿರಬಹುದು ಎಂದು ನನ್ನ ಅನುಮಾನ.

ದ್ರಾಕ್ಷಿಗೆ ಕೊಟ್ಟ ಐದು ನಿಮಿಷವನ್ನು ಎದುರಿನ ಕುರ್ಚಿಯಲ್ಲಿ ಕೂರುವ ಹುಡುಗಿಗೆ ಎಂದಾದರೂ ಕೊಟ್ಟಿದ್ದೀರಾ? ಮೊದಲು ಪ್ರತಿ ಮೀಟಿಂಗಿನಲ್ಲೂ ಒಂದು ಪ್ರಶ್ನೆಯಾದರೂ ಕೇಳುತ್ತಿದ್ದವಳು ಈಗ ಬಾಯಿ ಬಿಡುತ್ತಿಲ್ಲ. ಅದು ಯಾವತ್ತಿನಿಂದ ಅಂತ ಹೇಳಬಲ್ಲಿರಾ? ಅವಳಿಗೆ ಯಾವ ಕೆಲಸ ಲೀಲಾಜಾಲ, ಯಾವ ಕೆಲಸಕ್ಕೆ ಕೂತರೆ ಮುಖ ಅರಳುತ್ತದೆ, ಯಾವುದನ್ನು ಹಲ್ಲು ಕಚ್ಚಿಕೊಂಡು ಮುಗಿಸುತ್ತಾಳೆ? ಗೊತ್ತಿಲ್ಲ ಎಂದಾದರೆ ನೀವು ಕಲಿತ ಸಾವಧಾನ ನಿಮ್ಮ ಮೂಗಿನ ತುದಿ ದಾಟಿಲ್ಲ.

ಧ್ಯಾನದ ಮೇಲೆ ನನಗೆ ಸಿಟ್ಟಿಲ್ಲ, ತಪ್ಪು ತಿಳಿಯಬೇಡಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಧ್ಯಾನದ ತರಬೇತಿ ಶುರುಮಾಡಿದಾಗ ಅಲ್ಲಿಗೆ ಬಂದವರು ಬೆನ್ನುನೋವು, ತೀರದ ಕಾಯಿಲೆಗಳಿಂದ ಬಳಲಿ, ಬೇರೆ ಚಿಕಿತ್ಸೆಗಳೆಲ್ಲ ಕೈಕೊಟ್ಟ ರೋಗಿಗಳು. ಅಂಥವರಿಗೆ ಅದರಿಂದ ನೆಮ್ಮದಿ ಸಿಕ್ಕಿದೆ. ಉಸಿರಿನ ಮೇಲೆ ಗಮನವಿಟ್ಟರೆ ಎದೆಬಡಿತ ತಹಬದಿಗೆ ಬರುತ್ತದೆ ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ನನ್ನ ತಕರಾರು ಬೇರೆ. ಆಸ್ಪತ್ರೆಯಲ್ಲಿ ನೋವಿಗೆ ಕೊಟ್ಟದ್ದನ್ನು ಆಫೀಸಿಗೆ ತಂದಿರಿ. ಆಫೀಸಿನಲ್ಲಿ ಆ ನೋವು ಕೊಡುತ್ತಿರುವವರು ಯಾರೆಂಬ ಪ್ರಶ್ನೆ ಮಾತ್ರ ಬಾಗಿಲಾಚೆಯೇ ಉಳಿಯಿತು.

ಈ ವಿದ್ಯೆ ಕಚೇರಿಗೆ ಹೊಸದೂ ಅಲ್ಲ. ರಂಗೂನಿನಲ್ಲಿ ಊ ಬಾ ಖಿನ್ ಎಂಬುವರಿದ್ದರು, 1899ರಲ್ಲಿ ಹುಟ್ಟಿದವರು. ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಮೇಲೆ ಬಂದವರು. 1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾದಾಗ ಅದರ ಮೊದಲ ಅಕೌಂಟೆಂಟ್ ಜನರಲ್ ಆದರು. ಕಚೇರಿಯಲ್ಲೇ ಧ್ಯಾನಕ್ಕೊಂದು ಕೋಣೆ ಮಾಡಿ ತಮ್ಮ ಸಿಬ್ಬಂದಿಗೆ ವಿಪಶ್ಯನ ಕಲಿಸಿದರು. ಇಷ್ಟು ಹೇಳಿದರೆ ನಮ್ಮ ಶುಕ್ರವಾರದ ಸೆಷನ್ನೇ ನೆನಪಾಗಬಹುದು. ಆದರೆ ಆ ಮನುಷ್ಯ ಹೆಸರಾದದ್ದು ಲೆಕ್ಕದಲ್ಲಿ ಒಂದು ಕಾಸಿನ ಮೋಸ ಸಹಿಸದ ಅಧಿಕಾರಿ ಎಂದು. ಒಂದೇ ಕಾಲಕ್ಕೆ ಹಲವು ಇಲಾಖೆಗಳ ಹೊಣೆ ಹೊತ್ತು ನಡೆಸಿದವರು. ಅವರ ಧ್ಯಾನದ ಕೋಣೆಗೂ ಲೆಕ್ಕದ ಪುಸ್ತಕಕ್ಕೂ ನಡುವೆ ಗೋಡೆ ಇರಲಿಲ್ಲ.

1955ರಲ್ಲಿ ಅವರ ಬಳಿಗೆ ಭಾರತೀಯ ಮೂಲದ ಒಬ್ಬ ಶ್ರೀಮಂತ ವ್ಯಾಪಾರಿ ಬಂದರು. ವಿಪರೀತ ಮೈಗ್ರೇನ್, ನೋವಿಗೆ ಮಾರ್ಫಿನ್ ಚುಚ್ಚಿಸಿಕೊಳ್ಳುವ ಮಟ್ಟದ್ದು. ಊ ಬಾ ಖಿನ್ ಮೊದಲು ಒಪ್ಪಲಿಲ್ಲ. ಬರೀ ತಲೆನೋವು ವಾಸಿಮಾಡಿಕೊಳ್ಳಲು ಬರುವುದಾದರೆ ಈ ದಾರಿ ನಿನಗಲ್ಲ ಎಂಬರ್ಥದಲ್ಲಿ ಹೇಳಿ ಕಳಿಸಿದ್ದನ್ನು ಆ ವ್ಯಾಪಾರಿಯೇ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅವರೇ ಎಸ್. ಎನ್. ಗೋಯೆಂಕಾ. 1969ರಲ್ಲಿ ಭಾರತಕ್ಕೆ ಬಂದು ಶಿಬಿರಗಳನ್ನು ನಡೆಸತೊಡಗಿದರು. ಮಹಾರಾಷ್ಟ್ರದ ಇಗತ್‌ಪುರಿಯಿಂದ ಹಿಡಿದು ನಮ್ಮ ತುಮಕೂರು ರಸ್ತೆಯ ಆಲೂರಿನವರೆಗೂ ಇವತ್ತು ಆ ಪರಂಪರೆಯ ಕೇಂದ್ರಗಳಿವೆ. ಅಲ್ಲಿಗೆ ಹೋಗಿಬಂದವರನ್ನು ಕೇಳಿ. ಹತ್ತು ದಿನದ ಶಿಬಿರದಲ್ಲಿ ಮೊದಲು ಬರುವುದು ಉಸಿರಲ್ಲ, ಪಂಚಶೀಲ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಒಪ್ಪಿಕೊಂಡ ಮೇಲೆಯೇ ಮೂಗಿನ ಬಳಿಯ ಉಸಿರಿಗೆ ಗಮನ. ಕೊನೆಗೆ ಬರುವುದು ಮೈತ್ರಿ, ತಾನು ನೋಯಿಸಿದವರನ್ನೂ ತನ್ನನ್ನು ನೋಯಿಸಿದವರನ್ನೂ ನೆನೆದು ಹಾರೈಸುವುದು. ಆಫೀಸಿನವರು ಮಾಡಿದ್ದೇನೆಂದರೆ ಮೊದಲಿನ ಶೀಲವನ್ನೂ ಕೊನೆಯ ಮೈತ್ರಿಯನ್ನೂ ಕತ್ತರಿಸಿ, ನಡುವಿನ ಉಸಿರನ್ನಷ್ಟೇ ಪ್ಯಾಕೇಜ್ ಮಾಡಿಕೊಂಡರು.

ಹಾಗೆ ಕತ್ತರಿಸಿದರೆ ಏನಾಗುತ್ತದೆ? ಆಂಡ್ರ್ಯೂ ಹಾಫೆನ್‌ಬ್ರಾಕ್ ಮತ್ತು ಸಂಗಡಿಗರು 2022ರಲ್ಲಿ ಎಂಟು ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ತಾವು ಯಾರಿಗೋ ಅನ್ಯಾಯ ಮಾಡಿದ ಸಂದರ್ಭವನ್ನು ನೆನೆದು, ಆಮೇಲೆ ಕೆಲ ನಿಮಿಷ ಉಸಿರಿನ ಧ್ಯಾನ ಮಾಡಿದವರಲ್ಲಿ ತಪ್ಪಿತಸ್ಥ ಭಾವ ಇಳಿಯಿತು. ಅದರ ಜೊತೆಗೆ, ನೊಂದವರಿಗೆ ಏನಾದರೂ ಮಾಡಿ ಸರಿಪಡಿಸಬೇಕೆಂಬ ತುಡಿತವೂ ಇಳಿಯಿತು. ಮೈತ್ರಿಯ ಧ್ಯಾನ ಮಾಡಿದವರಲ್ಲಿ ಆ ತುಡಿತ ಉಳಿಯಿತು. ಇದನ್ನು ಓದಿದಾಗ ನನಗೆ ಮೈ ಜುಂ ಅಂದಿತು. ಬೆಳಿಗ್ಗೆ ಒಬ್ಬನನ್ನು ಎಲ್ಲರೆದುರು ಬೈದು, ಮಧ್ಯಾಹ್ನ ಹತ್ತು ನಿಮಿಷ ಕಣ್ಣು ಮುಚ್ಚಿ ಹಗುರಾಗಿ, ಸಂಜೆ ಏನೂ ಆಗಿಲ್ಲವೆಂಬಂತೆ ಮನೆಗೆ ಹೋಗುವ ಸೌಕರ್ಯ ಇದು. ಬೈದದ್ದಕ್ಕೆ ಮನಸ್ಸು ಚುಚ್ಚಬೇಕಿತ್ತು ಸ್ವಾಮಿ. ಆ ಚುಚ್ಚುವಿಕೆಯೇ ನಿಮ್ಮನ್ನು ನಾಳೆ ಅವನ ಮೇಜಿನ ಹತ್ತಿರ ಕರೆದುಕೊಂಡು ಹೋಗಬೇಕಿತ್ತು.

ಬೈಸಿಕೊಂಡವನಿಗೆ ಇದೇ ಧ್ಯಾನ ಕಲಿಸಿದರೆ? ಅದನ್ನೂ ನೋಡಿದ್ದಾರೆ. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ಹಿಡಿದು, ಧ್ಯಾನದ ತರಗತಿ, ನೆಮ್ಮದಿಯ ಆ್ಯಪ್, ಒತ್ತಡ ನಿಭಾಯಿಸುವ ತರಬೇತಿ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದರು. ಪಡೆದವರು ಹೆಚ್ಚು ಸುಖವಾಗಿದ್ದಾರೆ ಎನ್ನಲು ಆಧಾರ ಸಿಗಲಿಲ್ಲ. ಅಪವಾದವಾಗಿ ನಿಂತದ್ದು ಒಂದೇ: ಇನ್ನೊಬ್ಬರಿಗಾಗಿ ಸ್ವಯಂಸೇವೆ ಮಾಡುವ ಅವಕಾಶ. ಕೆಲಸದ ರೀತಿ, ಹೊರೆ, ವೇಳಾಪಟ್ಟಿ, ಮೇಲಿನವರ ನಡವಳಿಕೆ ಹಾಗೇ ಇರುವಾಗ ಕೆಳಗಿನವನ ಉಸಿರನ್ನಷ್ಟೇ ತಿದ್ದಲು ಹೊರಟರೆ ಇನ್ನೇನಾದೀತು?

ಸರಿ, ನೋಡಬೇಕಾದ್ದು ಏನನ್ನು? ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಂಡದ್ದನ್ನು ಹೇಳುತ್ತೇನೆ, ಊರಿನ ಹೆಸರು ಬೇಡ. ಮಳೆಗಾಲ, ಮಕ್ಕಳ ವಾರ್ಡ್ ತುಂಬಿತ್ತು. ವಾಂತಿಭೇದಿಯಿಂದ ಸೊರಗಿ ತೊಟ್ಟಿಲ ಬಟ್ಟೆಯಂತಾದ ಕೂಸು. ಡ್ರಿಪ್ ಹಾಕಬೇಕು, ನರ ಸಿಗುತ್ತಿಲ್ಲ. ಒಂದು ಕೈಗೆ ಚುಚ್ಚಿದರು, ಇನ್ನೊಂದು ಕೈಗೆ ಚುಚ್ಚಿದರು, ಆಗಲಿಲ್ಲ. ತಾಯಿ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದಳು. ಆಯಾ ಮೆಲ್ಲಗೆ ಡಾಕ್ಟರ ಹತ್ತಿರ ಬಂದು, "ಸಾರ್, ಮೇಲ್ಗಡೆ ಕಂಪ್ಯೂಟರ್ ರೂಮಲ್ಲಿರೋ ಸಿಸ್ಟರಮ್ಮನ್ನ ಕರೀಲಾ?" ಅಂದಳು. ಬಂದವರು ಐವತ್ತರ ಹತ್ತಿರದ ಹೆಂಗಸು, ಮೂಗಿನ ಮೇಲೆ ಜಾರಿದ ಕನ್ನಡಕ. ಅವಸರ ಮಾಡಲಿಲ್ಲ. ಮೊದಲು ತಾಯಿಯ ಕಡೆ ತಿರುಗಿ, "ಇಲ್ಲಿ ಬಾರವ್ವ, ತಲೆ ಹತ್ರ ಕೂತ್ಕೋ, ಅದಕ್ಕೆ ನಿನ್ ಮುಖ ಕಾಣ್ಲಿ" ಅಂದರು. ಕೂಸಿನ ಪಾದವನ್ನು ಎರಡೂ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿದರು. ಕೈಗವಸನ್ನೇ ಪಟ್ಟಿಯಂತೆ ಕಟ್ಟಿದರು. ಆಮೇಲೆ ಕಣ್ಣು ಬೇರೆಲ್ಲೋ ಇಟ್ಟು ತೋರುಬೆರಳ ತುದಿಯಿಂದ ಗಿಣ್ಣಿನ ಮುಂದೆ ಹುಡುಕಿದರು, ನಿಂತರು, ಮತ್ತೆ ಅದೇ ಜಾಗ ಒತ್ತಿದರು. ಒಂದೇ ಚುಚ್ಚು. ಕ್ಯಾನುಲಾದಲ್ಲಿ ರಕ್ತದ ಹನಿ ಕಂಡಿತು. "ಆಯ್ತು ಪುಟ್ಟಾ, ಆಯ್ತು, ಮುಗೀತು" ಅನ್ನುತ್ತ ಪ್ಲಾಸ್ಟರ್ ಹಚ್ಚಿ, ಕೈ ತೊಳೆದು, ಮತ್ತೆ ಮೆಟ್ಟಿಲು ಹತ್ತಿಹೋದರು.

ಮೇಲೆ ಅವರಿಗೆ ಕೊಟ್ಟ ಕೆಲಸ, ರಿಜಿಸ್ಟರಿನಲ್ಲಿದ್ದದ್ದನ್ನು ಪೋರ್ಟಲ್ಲಿಗೆ ತುಂಬುವುದು. ಕಂಪ್ಯೂಟರ್ ಬರುತ್ತದೆ, ಮಾತಾಡದೆ ಮಾಡುತ್ತಾರೆ, ಹಾಗಾಗಿ ಅಲ್ಲಿಗೆ ಹಾಕಿದ್ದಾರೆ ಎಂದು ಆಯಾ ಹೇಳಿದಳು. ಡ್ಯೂಟಿ ಹಾಕಿದವರು ಕೆಟ್ಟವರೇನಲ್ಲ. ಪಟ್ಟಿಯಲ್ಲಿ ಖಾಲಿ ಇದ್ದ ಚೌಕಕ್ಕೆ ಒಂದು ಹೆಸರು ಬೇಕಿತ್ತು, ಬರೆದರು. ಆ ಬೆರಳುಗಳಿಗೆ ಏನು ಗೊತ್ತಿದೆ ಎಂಬುದು ಇಡೀ ಆಸ್ಪತ್ರೆಯಲ್ಲಿ ಆಯಾಗೆ ಗೊತ್ತಿತ್ತು, ಅಧಿಕಾರಿಗೆ ಗೊತ್ತಿರಲಿಲ್ಲ. ನಾನು ಬಾಕಿ ಅಂದದ್ದು ಇದನ್ನೇ. ಪಗಾರ ಕೊಟ್ಟ ಮಾತ್ರಕ್ಕೆ ತೀರುವ ಬಾಕಿ ಇದಲ್ಲ. ಒಬ್ಬ ಮನುಷ್ಯ ಇಪ್ಪತ್ತೈದು ವರ್ಷ ದುಡಿದು ತನ್ನೊಳಗೆ ಕೂಡಿಟ್ಟದ್ದನ್ನು ಕಣ್ಣೆತ್ತಿ ನೋಡುವ ಬಾಕಿ.

ಬಾಸ್ಟನ್ ವಿಶ್ವವಿದ್ಯಾಲಯದ ವಿಲಿಯಂ ಕಾನ್ 1990ರಲ್ಲಿ ಒಂದು ಪ್ರಬಂಧ ಬರೆದರು. ಕೆಲಸದಲ್ಲಿ ತೊಡಗಿಕೊಳ್ಳುವುದರ ಬಗ್ಗೆ ಇವತ್ತು ನಡೆಯುವ ಚರ್ಚೆಯೆಲ್ಲ ಅಲ್ಲಿಂದ ಕವಲೊಡೆದದ್ದು. ಅವರು ಒಂದು ಬೇಸಿಗೆ ಶಿಬಿರದಲ್ಲಿ ಮಕ್ಕಳನ್ನು ನೋಡಿಕೊಳ್ಳುವವರನ್ನೂ ಒಂದು ವಾಸ್ತುಶಿಲ್ಪ ಕಂಪನಿಯ ನೌಕರರನ್ನೂ ಹತ್ತಿರದಿಂದ ಗಮನಿಸಿದ್ದರು. ಅದೇ ಮನುಷ್ಯ ಒಂದು ಹೊತ್ತಿನಲ್ಲಿ ತನ್ನನ್ನೇ ಕೆಲಸಕ್ಕೆ ಕೊಟ್ಟುಕೊಳ್ಳುತ್ತಾನೆ, ಇನ್ನೊಂದು ಹೊತ್ತಿನಲ್ಲಿ ಬರೀ ಕೈಕಾಲು ಆಡಿಸಿ ತಾನು ಹಿಂದೆ ಸರಿಯುತ್ತಾನೆ. ಅವನೊಳಗೆ ಮೂರು ಪ್ರಶ್ನೆಗಳು ನಡೆದಿರುತ್ತವೆ ಎಂದರು ಕಾನ್. ಇಲ್ಲಿ ನನ್ನನ್ನು ಕೊಟ್ಟುಕೊಂಡರೆ ಅದಕ್ಕೊಂದು ಅರ್ಥವಿದೆಯಾ? ಕೊಟ್ಟುಕೊಂಡದ್ದಕ್ಕೆ ನನಗೆ ಪೆಟ್ಟು ಬೀಳುವುದಿಲ್ಲ ತಾನೇ? ಕೊಡಲು ನನ್ನಲ್ಲಿ ಇವತ್ತು ತ್ರಾಣ ಉಳಿದಿದೆಯಾ?

ಈ ಮೂರನ್ನೂ ನಿಮ್ಮ ಜಾಗಕ್ಕೆ ಹಚ್ಚಿ ನೋಡಿ. ತ್ರಾಣದ ಮಾತು ಮೊದಲು ಮುಗಿಸೋಣ, ಅದರಲ್ಲಿ ಗುಟ್ಟೇನಿಲ್ಲ. ಮಾರತ್ತಹಳ್ಳಿಯಿಂದ ಸಿಲ್ಕ್ ಬೋರ್ಡಿಗೆ ದಿನಾ ಹೋಗಿಬರುವವನಿಗೆ 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಿರಿ ಅಂದರು. 2025ರ ಜನವರಿ ಹೊತ್ತಿಗೆ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಂತು. ನಡುವೆ 2024ರಲ್ಲಿ ನಮ್ಮ ರಾಜ್ಯದಲ್ಲೇ ಐಟಿ ನೌಕರರ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಎದ್ದಾಗ ನೌಕರರ ಸಂಘ ಬೀದಿಗಿಳಿಯಬೇಕಾಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಬರ್ನ್‌ಔಟ್' ಅನ್ನು ತನ್ನ ಪಟ್ಟಿಯಲ್ಲಿ ವಿವರಿಸಿದಾಗ ಅದನ್ನು ವ್ಯಕ್ತಿಯ ರೋಗ ಎನ್ನಲಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದಿತು. ನಿಭಾಯಿಸಬೇಕಾದವರು ಯಾರು ಎಂದು ಬಿಡಿಸಿ ಹೇಳಬೇಕಾ?

ಪೆಟ್ಟಿನ ಮಾತು ಅಷ್ಟು ಸುಲಭವಲ್ಲ, ಅದು ಕಣ್ಣಿಗೆ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಎಂಗೇಜ್‌ಮೆಂಟ್ ಸರ್ವೆ ಬರುತ್ತದೆ. ಹೆಸರು ಬರೆಯಬೇಕಾಗಿಲ್ಲ, ಮನಸ್ಸು ಬಿಚ್ಚಿ ಬರೆಯಿರಿ ಎಂದು ಮೇಲೆಯೇ ಇರುತ್ತದೆ. ಕೆಳಗೆ ಯಾವ ಟೀಮ್, ವಯಸ್ಸೆಷ್ಟು, ಹೆಣ್ಣೋ ಗಂಡೋ, ಸೇರಿ ಎಷ್ಟು ವರ್ಷವಾಯಿತು ಎಂಬ ಕಾಲಂಗಳು. ಐದು ಜನರ ಟೀಮಿನಲ್ಲಿ ಒಬ್ಬಳೇ ಹೆಂಗಸಿದ್ದರೆ ಅವಳು ಏನು ಬರೆಯುತ್ತಾಳೆ? ಎಲ್ಲಕ್ಕೂ ನಾಲ್ಕು ಅಂಕ ಒತ್ತಿ ಮುಂದೆ ಹೋಗುತ್ತಾಳೆ. ನೀವು ಆ ನಾಲ್ಕನ್ನು ಸ್ಲೈಡಿಗೆ ಹಾಕಿ ಮೇಲಿನವರಿಗೆ ತೋರಿಸುತ್ತೀರಿ. ಗ್ಯಾಲಪ್ ಸಂಸ್ಥೆ 2024ರ ಲೆಕ್ಕದಲ್ಲಿ ಜಗತ್ತಿನಾದ್ಯಂತ ಮನಸಿಟ್ಟು ಕೆಲಸದಲ್ಲಿ ತೊಡಗಿದವರು ನೂರಕ್ಕೆ 21 ಮಂದಿ ಎಂದಿತು. ಉಳಿದವರೆಲ್ಲ ಸೋಮಾರಿಗಳು ಅಂತೀರಾ?

ಗಾರ್ಮೆಂಟ್ಸ್‌ನವರ ಬಾಯಲ್ಲಿ ಈ ಮಾತು ದಿನಾ ಬರುತ್ತದೆ: "ಈ ಹೆಂಗಸರಿಗೆ ಇಂಟ್ರೆಸ್ಟೇ ಇಲ್ಲ ಸಾರ್." ಮೈಸೂರು ರಸ್ತೆಯಲ್ಲಿ, ಬೊಮ್ಮನಹಳ್ಳಿಯಲ್ಲಿ, ಪೀಣ್ಯದಲ್ಲಿ ಯಾವ ಫ್ಲೋರಿಗೆ ಹೋದರೂ ಇದೇ. ಟಾರ್ಗೆಟ್ ತಪ್ಪೀತೆಂದು ನೀರು ಕಮ್ಮಿ ಕುಡಿದು ಟಾಯ್ಲೆಟ್ಟಿಗೆ ಹೋಗದೆ ಕೂತವಳಿಗೆ ಇಂಟ್ರೆಸ್ಟ್ ಇಲ್ಲವಂತೆ. ಅವರೇ 2016ರ ಏಪ್ರಿಲ್ 18 ಮತ್ತು 19ರಂದು ಏನು ಮಾಡಿದರು ನೆನಪಿದೆಯಾ? ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ಸುದ್ದಿ ಕಿವಿಯಿಂದ ಕಿವಿಗೆ ಹೋಗಿ, ಸಾವಿರಾರು ಹೆಂಗಸರು ಮಿಷನ್ ಬಿಟ್ಟು ಎದ್ದು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತುಂಬಿಬಿಟ್ಟರು. ದೊಡ್ಡ ನಾಯಕರು ಕರೆ ಕೊಟ್ಟಿರಲಿಲ್ಲ. ಎರಡನೇ ದಿನವೇ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಮಗಳ ಮದುವೆಗೆ, ಮನೆಯ ಅಡ್ವಾನ್ಸಿಗೆ ಎಂದು ಲೆಕ್ಕ ಹಾಕಿಟ್ಟಿದ್ದ ಹಣದ ಒಂದು ವಾಕ್ಯ ಬದಲಾದದ್ದನ್ನು ಅಷ್ಟು ಚುರುಕಾಗಿ ಹಿಡಿದವರು, ಪರಸ್ಪರ ಮಾತಾಡಿಕೊಂಡವರು, ಒಟ್ಟಿಗೆ ಎದ್ದವರು. ಅಂಥ ಎಚ್ಚರ, ಅಂಥ ಒಗ್ಗಟ್ಟು ವರ್ಷಗಟ್ಟಲೆ ನಿಮ್ಮ ಬ್ಯಾಚಿನಲ್ಲೇ ಕೂತಿತ್ತು. ಕಾಲರ್ ಎಷ್ಟಾಯಿತು ಎಂಬುದಷ್ಟೇ ನಿಮಗೆ ಬೇಕಿತ್ತು.

ಅರ್ಥದ ಪ್ರಶ್ನೆಗೆ ಬರೋಣ. ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್‌ಮನ್ 2004ರಲ್ಲಿ ಮನುಷ್ಯರ 24 ಸದ್ಗುಣಗಳನ್ನು ಪಟ್ಟಿ ಮಾಡಿದರು: ಕುತೂಹಲ, ದಯೆ, ವಿನಯ, ಹಾಸ್ಯ, ಕೃತಜ್ಞತೆ, ಕ್ಷಮೆ ಇತ್ಯಾದಿ. ಯಾರಿಗೆ ಯಾವುದು ಸಹಜವೋ ಅದನ್ನು ಕೆಲಸದಲ್ಲಿ ಬಳಸಲು ಬಿಟ್ಟರೆ ಕೆಲಸ ಅವರದ್ದಾಗುತ್ತದೆ ಎಂಬುದು ವಾದ. ಎಚ್‌ಆರ್‌ನವರಿಗೆ ಇದು ಬಹಳ ಇಷ್ಟ. ಪರೀಕ್ಷೆ ಕೊಟ್ಟು, ಬಣ್ಣದ ಚಕ್ರ ಬಿಡಿಸಿ, ಮೇಜಿನ ಮೇಲೆ ಅಂಟಿಸುತ್ತಾರೆ. ಪಟ್ಟಿಯನ್ನು ಪೂರ್ತಿ ಓದಿದ್ದಾರಾ ಎಂಬುದು ನನ್ನ ಪ್ರಶ್ನೆ. ಅದರಲ್ಲಿ ಪ್ರಾಮಾಣಿಕತೆಯೂ ಇದೆ, ನ್ಯಾಯಬುದ್ಧಿಯೂ ಇದೆ, ಧೈರ್ಯವೂ ಇದೆ. ನಿಮ್ಮ ಟೀಮಿನಲ್ಲಿ ಒಬ್ಬನ ಸಹಜ ಗುಣ ನ್ಯಾಯಬುದ್ಧಿ ಅಂದುಕೊಳ್ಳಿ. ರಜೆ ಕೊಡುವಾಗ ಅವರಿಗೊಂದು ಇವರಿಗೊಂದು ಮಾಡುತ್ತಿದ್ದೀರಿ ಎಂದು ಅವನು ನಿಮ್ಮ ಕ್ಯಾಬಿನ್ನಿಗೇ ಬಂದು ಹೇಳುತ್ತಾನೆ. ಗ್ರಾಹಕರಿಗೆ ಕಳಿಸಿದ ಬಿಲ್ಲಿನಲ್ಲಿ ಮಾಡದ ಗಂಟೆಗಳಿವೆ ಎಂದು ಇನ್ನೊಬ್ಬಳು ಬೆರಳಿಟ್ಟು ತೋರಿಸುತ್ತಾಳೆ. ಆಗ ಅವರ ಅಪ್ರೈಸಲ್‌ನಲ್ಲಿ ಏನು ಬರೆದಿರಿ? 'ಹೊಂದಿಕೊಳ್ಳುವ ಗುಣ ಕಡಿಮೆ' ಎಂದು ತಾನೇ? ನಗುಮುಖ, ಹುಮ್ಮಸ್ಸು, ಟೀಮ್‌ವರ್ಕ್ ಮಾತ್ರ ಗುಣ, ಉಳಿದದ್ದೆಲ್ಲ ಕಿರಿಕಿರಿ ಎಂದಾದರೆ ನಿಮಗೆ ಬೇಕಾದದ್ದು ಮನುಷ್ಯನ ಗುಣವಲ್ಲ, ನಿಮಗೆ ಅನುಕೂಲವಾದ ಅದರ ಒಂದು ತುಂಡು.

ಇನ್ನೊಂದು ಅನ್ಯಾಯವೂ ಇಲ್ಲೇ ನಡೆಯುತ್ತದೆ. ಚೆನ್ನಾಗಿ ಮಾಡುವವರನ್ನು ಗುರುತಿಸಿದ ತಕ್ಷಣ ಎಲ್ಲವನ್ನೂ ಅವರ ತಲೆಗೆ ಕಟ್ಟುವುದು. ಶಾಲೆಯಲ್ಲಿ ಅಕ್ಷರ ಗುಂಡಗಿರುವ ಮೇಡಂಗೇ ವರ್ಷವಿಡೀ ಬೋರ್ಡು, ಸರ್ಟಿಫಿಕೇಟು, ಆಹ್ವಾನ ಪತ್ರಿಕೆ. ಸಾರ್ವಜನಿಕರ ಜೊತೆ ಸಮಾಧಾನದಿಂದ ಮಾತಾಡುವ ಕೇಸ್ ವರ್ಕರ್‌ಗೇ ಜಗಳಗಂಟ ಅರ್ಜಿದಾರರೆಲ್ಲ. ಗುಣವನ್ನು ಕಾಣುವುದೂ ಅದನ್ನು ಹಿಂಡುವುದೂ ಒಂದೇ ಅಲ್ಲ. ಗುರುತಿಸಿದ ಮೇಲೆ ಅದಕ್ಕೆ ಜಾಗ ಮಾಡಿಕೊಡಬೇಕು, ಅಂದರೆ ಬೇರೇನನ್ನಾದರೂ ಅವರ ಮೇಜಿನಿಂದ ಎತ್ತಬೇಕು. ಎತ್ತದೆ ಬರೀ ಹೊಗಳಿದರೆ ಅದು ಬಿಟ್ಟಿ ದುಡಿಮೆ.

ಕಾಯಕದ ನಾಡು ನಮ್ಮದು ಎಂದು ಭಾಷಣ ಮಾಡುತ್ತೇವೆ. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿಸಿದ್ದೇವೆ. ಕಾಯಕದ ಹೆಸರು ಹೇಳಿ ಹೆಚ್ಚು ದುಡಿಸಿಕೊಳ್ಳುವುದು ಇವತ್ತಿನ ಜಾಣತನ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಮಾಡಿದ್ದೇನು? ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಅವಳು ಕಂಡುಹಿಡಿದಳು. ಇದು ನಮ್ಮ ಪಾಲಿನದ್ದಲ್ಲ, ವಾಪಸ್ ಸುರಿದು ಬಾ ಎಂದಳು. ಅಕ್ಕಿಯ ಅಳತೆಯ ಮೇಲೂ ಗಂಡನ ಮನಸ್ಸಿನ ಮೇಲೂ ಆಕೆಗಿದ್ದ ಗಮನ ನೋಡಿ. ಆ ಕಾಯಕದಲ್ಲಿ ಎಚ್ಚರವಿತ್ತು, ಸಾಕು ಎನ್ನುವ ಗಟ್ಟಿತನವಿತ್ತು, ಗಂಡನನ್ನೇ ತಡೆದು ನಿಲ್ಲಿಸುವ ಸ್ವಾತಂತ್ರ್ಯವಿತ್ತು. ನಿಮ್ಮ ಆಫೀಸಿನಲ್ಲಿ ಇವತ್ತು ಒಬ್ಬ ಲಕ್ಕಮ್ಮ ಎದ್ದುನಿಂತು ಇಷ್ಟು ಟಾರ್ಗೆಟ್ ನಮ್ಮ ಪಾಲಿನದ್ದಲ್ಲ ಎಂದರೆ ನೀವು ಅವಳನ್ನು ಕಾಯಕಯೋಗಿ ಎನ್ನುವಿರಾ, ನೋಟಿಸ್ ಕೊಡುವಿರಾ?

ನೀವು ಹೇಳುವುದು ಗೊತ್ತು. "ನಮಗೂ ಮೇಲಿನವರಿದ್ದಾರೆ, ನಾವೂ ಬೈಸಿಕೊಂಡೇ ಬಂದಿರುತ್ತೇವೆ." ನಿಜ. ಇದರಲ್ಲಿ ಅತಿ ಹೆಚ್ಚು ಹಿಂಡಿಸಿಕೊಳ್ಳುವವರು ನಡುವಿನವರೇ. ಫ್ಲೋರ್ ಇನ್‌ಚಾರ್ಜ್ ಕೂಗಿದ್ದಕ್ಕೆ ಸೂಪರ್‌ವೈಸರ್ ಕೂಗುತ್ತಾನೆ, ಅಮೆರಿಕದ ಗ್ರಾಹಕ ತುಟಿ ಕಚ್ಚಿದ್ದಕ್ಕೆ ಮ್ಯಾನೇಜರ್ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕುತ್ತಾನೆ. ನಿಮ್ಮ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೇಲಿನಿಂದ ಬಂದದ್ದನ್ನು ಕೆಳಗೆ ದಾಟಿಸುವ ಮುನ್ನ ಒಂದು ಕ್ಷಣ ನಿಮ್ಮ ಕೈಯಲ್ಲಿರುತ್ತದೆ. ಬೌದ್ಧ ಭಿಕ್ಕುಗಳಿಂದ ಹಿಡಿದು ಆಫೀಸಿನ ಟ್ರೇನರ್‌ವರೆಗೆ ಎಲ್ಲರೂ ಕಲಿಸಲು ಹೆಣಗಿದ್ದು ಆ ಕ್ಷಣವನ್ನು ಹಿಡಿಯುವುದನ್ನೇ. ಅದನ್ನು ಅಲ್ಲಿ ಬಳಸದೆ ಶುಕ್ರವಾರದ ಚಾಪೆಯ ಮೇಲೆ ಬಳಸಿದರೆ ಯಾರಿಗೆ ಲಾಭ? ಬೈಗುಳ ನಿಮ್ಮಲ್ಲೇ ನಿಲ್ಲಲಿ. ಕೆಲಸವನ್ನಷ್ಟೇ ಕೆಳಗೆ ಕಳಿಸಿ. ಮೇಲಿನವರಿಗೆ ಇಷ್ಟು ಜನರಿಂದ ಇಷ್ಟೇ ಆಗುತ್ತದೆ ಎಂದು ಹೇಳುವ ಧೈರ್ಯ ಆ 24ರ ಪಟ್ಟಿಯಲ್ಲಿ ನಿಮಗೂ ಒಂದು ಗುಣವಾಗಿ ಸಿಗಬಹುದು, ಹುಡುಕಿಕೊಳ್ಳಿ.

ಕೈಕೆಳಗೆ ಯಾರೂ ಇಲ್ಲದವರೇ, ನಿಮಗೂ ಎರಡು ಮಾತು. ನಿಮಗೆ ಏನು ಚೆನ್ನಾಗಿ ಬರುತ್ತದೆ ಎಂಬುದನ್ನು ಮೇಲಿನವರು ಬಂದು ಹೇಳಲಿ ಎಂದು ಕಾಯಬೇಡಿ. ಪಕ್ಕದವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಅವರದ್ದನ್ನು ನೀವು ಹೇಳಿ. ಧ್ಯಾನ ಬೇಕಿದ್ದರೆ ಮಾಡಿ, ಆದರೆ ಧ್ಯಾನ ಮಾಡಿಯೂ ಭಾನುವಾರ ಸಂಜೆ ಹೊಟ್ಟೆ ತೊಳಸಿದರೆ ನಿಮ್ಮ ಧ್ಯಾನದಲ್ಲಿ ದೋಷ ಹುಡುಕಬೇಡಿ, ಡ್ಯೂಟಿ ಪಟ್ಟಿಯಲ್ಲಿ ಹುಡುಕಿ. ಒಬ್ಬರೇ ಹೇಳಲಾಗದ್ದನ್ನು ನಾಲ್ವರು ಸೇರಿ ಹೇಳಿ, ಸಂಘವಿದ್ದರೆ ಸೇರಿಕೊಳ್ಳಿ. ರಾತ್ರಿ ನಿದ್ದೆಯೇ ಬಾರದ ಮಟ್ಟಕ್ಕೆ ಬಂದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮತ್ತೆ ನಿಮ್ಮ ಕಡೆಗೆ. ಮಾರ್ಚ್ ಬರುತ್ತದೆ, ಅಪ್ರೈಸಲ್ ಫಾರ್ಮ್‌ಗಳು ಬರುತ್ತವೆ. ಅದಕ್ಕೂ ಮುಂಚೆ ನಾಳೆ ಬೆಳಿಗ್ಗೆಯಿಂದಲೇ ಊಟದ ಹೊತ್ತಿಗೆ ಕಾಲ್ ಇಡುವುದನ್ನು ನಿಲ್ಲಿಸಿ. ಡ್ಯೂಟಿ ಬದಲಾವಣೆಯನ್ನು ಹಿಂದಿನ ರಾತ್ರಿ ಹೇಳುವುದನ್ನು ನಿಲ್ಲಿಸಿ. ಎಲ್ಲರೆದುರು ಬೈದವರ ಹತ್ತಿರ ಹೋಗಿ, ಎಲ್ಲರೆದುರೇ ತಪ್ಪಾಯಿತು ಎನ್ನಿ. ಒಳಗೆ ಕರೆದು ಪಿಸುಗುಟ್ಟಿದರೆ ಆಗದು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಕೈಕೆಳಗಿನ ಪ್ರತಿಯೊಬ್ಬರ ಹೆಸರು ಬರೆಯಿರಿ. ಹೆಸರಿನ ಮುಂದೆ ಅವರು ನಿಮಗಿಂತ ಚೆನ್ನಾಗಿ ಮಾಡುವ ಒಂದು ಕೆಲಸ. 'ಶ್ರಮಜೀವಿ', 'ಒಳ್ಳೆ ಹುಡುಗ' ಎಂದೆಲ್ಲ ಬರೆದರೆ ಲೆಕ್ಕಕ್ಕಿಲ್ಲ. ಕೂಸಿನ ಪಾದದಲ್ಲಿ ನರ ಹುಡುಕಿದಷ್ಟು ನಿಖರವಾಗಿರಬೇಕು. ಯಾರ ಹೆಸರಿನ ಮುಂದೆ ಪೆನ್ನು ನಿಲ್ಲುತ್ತದೋ ಅವರ ಪಕ್ಕ ಹೋಗಿ ಅರ್ಧ ದಿನ ಕೂತು, ಏನೂ ಹೇಳದೆ ಅವರು ಕೆಲಸ ಮಾಡುವುದನ್ನು ನೋಡಿ. ಹಾಳೆ ತುಂಬಿದ ಮೇಲೆ ಈಗ ಅವರಿಗೆ ಕೊಟ್ಟಿರುವ ಕೆಲಸವನ್ನು ಅದರ ಪಕ್ಕ ಬರೆದು ಹೋಲಿಸಿ, ಹೊಂದದ ಕಡೆ ಬದಲಾಯಿಸಿ. ಅಷ್ಟಾಗುವವರೆಗೆ ಈ ಸಲದ ಒಂದು ಫಾರ್ಮಿಗೂ ಸಹಿ ಹಾಕಬೇಡಿ.